ಅರ್ಧ ಗಂಟೆಗೆ 100 ಕರೆ: 10 ಜನ ಯಾಕೆ ಸಾಲುತ್ತಿಲ್ಲ?

ಪಾಳಿಪಟ್ಟಿ:
ಕನ್ನಡ, ಹಿಂದಿ ಎರಡರಲ್ಲೂ ಕರೆ ಬರುವ ಸಹಾಯವಾಣಿ. ಪೀಕ್ ಹೊತ್ತಲ್ಲಿ ಅರ್ಧ ಗಂಟೆಗೆ 100 ಕರೆ, ಒಂದಕ್ಕೆ ಸರಾಸರಿ 3 ನಿಮಿಷ. ಒಟ್ಟು 300 ನಿಮಿಷದ ಕೆಲಸ, ತಲೆಗೆ 30 ನಿಮಿಷ. 10 ಜನ ಸಾಕಲ್ಲವೇ? ಆದರೂ ಕ್ಯೂ ಕರಗುತ್ತಿಲ್ಲ. 80% ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕೆಂಬುದು ಗುರಿ.

ಕ್ಯೂ_ಲೆಕ್ಕ:
ಕರೆಗಳು ಸಾಲಾಗಿ ಬರುವುದಿಲ್ಲ, ಗುಂಪಾಗಿ ಬೀಳುತ್ತವೆ. ಖಾಲಿ ಹೋದ ನಿಮಿಷವನ್ನು ಆಮೇಲಿನ ನೂಕುನುಗ್ಗಲಿಗೆ ಎತ್ತಿಡಲು ಬರುವುದಿಲ್ಲವಲ್ಲ. ನಿಮ್ಮ ಭಾರ 10 ಎರ್ಲಾಂಗ್ (ಒಬ್ಬರನ್ನು ಪೂರ್ತಿ ಹೊತ್ತು ಹಿಡಿದಿಡುವಷ್ಟು ಕರೆ ಕೆಲಸವೇ ಒಂದು ಎರ್ಲಾಂಗ್). ಅಷ್ಟೇ ಜನರಿದ್ದರೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರ (ಎರ್ಲಾಂಗ್ ಸಿ) ಹಾಕಿದರೆ, 20 ಸೆಕೆಂಡಿನೊಳಗೆ ಎತ್ತುವ ಪ್ರಮಾಣ ಹೀಗೆ:

11 ಜನ: 39%
12 ಜನ: 64%
13 ಜನ: 79.6%
14 ಜನ: 88.8%

11ಕ್ಕೆ ಸರಾಸರಿ ಕಾಯುವಿಕೆ ಎರಡು ನಿಮಿಷ, 14ಕ್ಕೆ ಸುಮಾರು 8 ಸೆಕೆಂಡ್. ಎಕ್ಸೆಲ್‌ನಲ್ಲಿ ಈ ಸೂತ್ರಕ್ಕೆ ಫ್ಯಾಕ್ಟೋರಿಯಲ್ (1 × 2 × 3… ಎಂದು ಗುಣಿಸುತ್ತಾ ಹೋಗುವುದು) ಹಾಕಬೇಡಿ, 170 ದಾಟಿದರೆ ಎರರ್. ‘ಬ’ ಎಂಬ ನಡುವಿನ ಸಂಖ್ಯೆಯನ್ನು 1ರಿಂದ ಶುರುಮಾಡಿ, ಒಬ್ಬೊಬ್ಬರನ್ನು ಸೇರಿಸುತ್ತಾ: ಹೊಸ ಬ = ಭಾರ × ಹಳೆಯ ಬ ÷ (ಜನ + ಭಾರ × ಹಳೆಯ ಬ). ಕೊನೆಗೆ, ಕಾಯಬೇಕಾಗುವ ಸಂಭವ = ಜನ × ಬ ÷ (ಜನ − ಭಾರ × (1 − ಬ)).

ರೋಸ್ಟರ್ ಕೈ:
ಆ 14 ಅಂದರೆ ಹೆಡ್‌ಸೆಟ್ ಹಾಕಿ ಕೂತವರು. ರಜೆ, ಟ್ರೇನಿಂಗ್, ಬ್ರೇಕ್ ಸೇರಿ 30% ಹೋದರೆ ಪಟ್ಟಿಯಲ್ಲಿ 14 ÷ 0.7 = 20 ಜನ ಬೇಕು. 14 × 1.3 ಮಾಡಿ 18 ಅಂತ ನಿಲ್ಲಿಸುವುದು ಎಲ್ಲೆಡೆ ಕಾಣುವ ತಪ್ಪು.

ಭಾಷೆಗೊಂದು ಕ್ಯೂ ಮಾಡಿದ್ದೀರಾ? ಸಮನಾಗಿ 5–5 ಎರ್ಲಾಂಗ್ ಎಂದಿಟ್ಟುಕೊಳ್ಳಿ. 7 ಜನಕ್ಕೆ 74% ಅಷ್ಟೇ. ಗುರಿ ಮುಟ್ಟಲು ತಲಾ 8, ಒಟ್ಟು 16. ಎರಡೂ ಭಾಷೆ ಬಲ್ಲವರು ಒಂದೇ ಕ್ಯೂನಲ್ಲಿದ್ದರೆ 14. ಇಬ್ಬರ ಸಂಬಳ ಉಳಿಯಿತು.

ಇನ್ನೊಂದು, ಆ 3 ನಿಮಿಷದಲ್ಲಿ ಕರೆ ಮುಗಿದ ಮೇಲಿನ ಟಿಕೆಟ್ ಬರೆಯುವ ಹೊತ್ತೂ ಇರಬೇಕು. ಬಂದ ಕರೆಗಳನ್ನು ಎಣಿಸಿ, ಎತ್ತಿದವನ್ನಲ್ಲ.

ಪಾಳಿಪಟ್ಟಿ:
13ಕ್ಕೆ 79.6% ಅಂದರೆ ಹತ್ತಿರಹತ್ತಿರ 80. ಅಷ್ಟಕ್ಕೇ ಒಪ್ಪಿಸಿಬಿಡಲೇ?

ಕ್ಯೂ_ಲೆಕ್ಕ:
ಯಾರೂ ಫೋನ್ ಇಡುವುದಿಲ್ಲ ಎಂದು ಈ ಸೂತ್ರ ನಂಬುತ್ತದೆ. ವಾಸ್ತವದಲ್ಲಿ ಬೇಸತ್ತು ಇಡುವವರಿಂದ ಕ್ಯೂ ತುಸು ಹಗುರಾಗುತ್ತದೆ, 13ಕ್ಕೂ ಗುರಿ ಮುಟ್ಟಬಹುದು; ಅದಕ್ಕೆ ಎರ್ಲಾಂಗ್ ಎ ಎಂಬ ಬೇರೆ ಸೂತ್ರ ಇದೆ. ಆದರೆ ಇಟ್ಟವರು ಮತ್ತೆ ಮಾಡುತ್ತಾರೆ, ಆ 100ರಲ್ಲಿ ಅವೂ ಸೇರಿರುತ್ತವೆ. ಜೊತೆಗೆ, 13ರಲ್ಲಿ ಒಬ್ಬರು ಬರದಿದ್ದರೆ ನೇರ 64ಕ್ಕೆ ಇಳಿಯುತ್ತೀರಿ, 14ರಲ್ಲಾದರೆ 79.6ಕ್ಕೆ. ನಾನಾದರೆ 14 ಕೇಳುತ್ತೇನೆ.