‘ರಚನಾತ್ಮಕ ಮಾರ್ಪಾಡು’: ಬೋರ್ಡಿಗೆ ಬೇರೆ ಪದ ಬೇಕು, ನಾಳೆಯೊಳಗೆ

ಪ್ರಶ್ನೆ:
ಗೆಳೆಯರೇ, ಸ್ವಲ್ಪ ಅರ್ಜೆಂಟು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಬೀದಿಗೆ ಬೋರ್ಡು ಬರೆಸಬೇಕು. ನಾಳೆ ಬೆಳಗ್ಗೆ ಪೇಂಟರ್ ಬರುತ್ತಾರೆ. ಇಂಗ್ಲಿಷಿನಲ್ಲಿ ‘ಸ್ಟ್ರಕ್ಚರಲ್ ಆಲ್ಟರೇಷನ್’ ಅಂತಿದೆ. ನನ್ನ ಕರಡು ಹೀಗಿದೆ: ‘ಸಂರಕ್ಷಣಾ ಪ್ರದೇಶದ ಕಟ್ಟಡಗಳಲ್ಲಿ ಪೂರ್ವಾನುಮತಿಯಿಲ್ಲದೆ ರಚನಾತ್ಮಕ ಮಾರ್ಪಾಡು ಮಾಡುವಂತಿಲ್ಲ.’ ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿದೆ. ‘ಇಲ್ಲಿ ಹುಲಿ ಬಿಡ್ತಾರಾ?’ ಅಂತ ಕೇಳಿದರು.

ಉತ್ತರ 1:
ಅಜ್ಜಿ ಕೇಳಿದ್ದು ಸರಿ. ಸಂರಕ್ಷಣಾ ಪ್ರದೇಶ ಅಂದ್ರೆ ಕಾಡೇ ನೆನಪಾಗೋದು. ‘ರಚನಾತ್ಮಕ’ ಅದಕ್ಕಿಂತ ಕೆಟ್ಟದ್ದು. ‘ರಚನಾತ್ಮಕ ಟೀಕೆ’ ಅಂತ ಓದಿ ಬೆಳೆದವರು ನಾವು. ಒಳ್ಳೆಯ ಮಾರ್ಪಾಡು ಬೇಡ, ಹಾಳು ಮಾಡೋದಾದರೆ ಮಾಡಿ ಅಂತ ಬರೆದ ಹಾಗಾಯಿತು. ‘ಕಟ್ಟುಬದಲು’ ಅನ್ನಿ. ಜಾಗಕ್ಕೆ ‘ಕಾಪು’. ಅಚ್ಚಗನ್ನಡ, ಮುಗೀತು.

ಉತ್ತರ 2:
ಕಾಪು ಅಂದ್ರೆ ಉಡುಪಿ ಹತ್ತಿರದ ದೀಪಸ್ತಂಭ ಸಾರ್. ಹೊಸದು ಹೊಸೆಯೋದು ಯಾಕೆ? ನಮ್ಮ ಶಾಸನಗಳಲ್ಲೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಇದೆ. ಒಡೆದದ್ದು, ಬಿರಿದದ್ದನ್ನು ಸರಿಮಾಡೋಕೆ ಭೂಮಿ ದತ್ತಿ ಬಿಡುತ್ತಿದ್ದರು. ಎಂಥ ಗತ್ತು ನೋಡಿ ಆ ಮಾತಿಗೆ!

ಉತ್ತರ 3:
ಗತ್ತು ಇಟ್ಟುಕೊಳ್ಳಿ, ಆರಡಿ ಬೋರ್ಡಿಗೆ ಆಗಲ್ಲ. ಅದೂ ಅಲ್ಲದೆ ಅದು ದುರಸ್ತಿಯ ಮಾತು, ಇವರು ಕೇಳಿದ್ದು ಬದಲಾವಣೆಗೆ. ನಾನು ಮನೆ ಪ್ಲಾನ್ ಮಾಡಿಕೊಡುವವನು. ಇಲ್ಲಿ ಪದ ತಪ್ಪಿದರೆ ಅರ್ಜಿಯೇ ತಪ್ಪುತ್ತೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತಲ್ಲ, ಅದರಲ್ಲಿ ಇದ್ದ ಕಟ್ಟಡವನ್ನು ಮಾರ್ಪಡಿಸುವುದು ‘ದುರಸ್ತಿ ಮತ್ತು ನವೀಕರಣ’ದ ಕೆಳಗೆ ಬರುತ್ತೆ. ಮೇಲೊಂದು ಮಹಡಿ ಎಬ್ಬಿಸಿದರೆ, ಪಕ್ಕಕ್ಕೊಂದು ರೂಮು ಎಳೆದರೆ ಅದು ‘ನಿರ್ಮಾಣ’. ಸ್ಮಾರಕದಿಂದ 100 ಮೀಟರು ನಿಷೇಧಿತ ಪ್ರದೇಶ. ಅಲ್ಲಿ ಖಾಸಗಿಯವರಿಗೆ ಹೊಸ ನಿರ್ಮಾಣ ಇಲ್ಲ. 1992ರ ಜೂನ್ 16ಕ್ಕೂ ಮುಂಚಿನ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಬಹುದು. ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಆದರೆ ಕೇಳಿ ಕಟ್ಟಬೇಕು. ಅರ್ಜಿ ಮೊದಲು ಸಕ್ಷಮ ಪ್ರಾಧಿಕಾರಕ್ಕೆ, ಅಲ್ಲಿಂದ ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ. ನನ್ನ ಹತ್ತಿರ ಬಂದ ಒಬ್ಬರು ಬಿದ್ದ ಸೂರು ಸರಿಮಾಡೋದಕ್ಕೆ ‘ನಿರ್ಮಾಣ’ ಅಂತ ಬರೆದು ತಿಂಗಳುಗಟ್ಟಲೆ ಅಲೆದರು.

ಉತ್ತರ 1:
‘ಸಕ್ಷಮ ಪ್ರಾಧಿಕಾರ’! ಇದನ್ನು ಯಾವ ತಾಯಿ ಮಗುವಿಗೆ ಕಲಿಸಿದಳು? ಸಂಸ್ಕೃತ ತೆಗೆದುಹಾಕಿ, ಜನಕ್ಕೆ ತಾನೇ ಅರ್ಥವಾಗುತ್ತೆ.

ಉತ್ತರ 2:
ತೆಗೆಯಿರಿ. ಇಟ್ಟಿಗೆ ‘ಇಷ್ಟಿಕಾ’ದಿಂದ, ಸುಣ್ಣ ‘ಚೂರ್ಣ’ದಿಂದ, ತೊಲೆ ‘ತುಲಾ’ದಿಂದ ಬಂದದ್ದು. ಕಂಬವೂ ಅಲ್ಲಿಂದಲೇ. ಎಲ್ಲ ತೆಗೆದ ಮೇಲೆ ಮನೆ ನಿಂತಿದ್ದರೆ ಹೇಳಿ. ‘ದುರಸ್ತಿ’ ಪಾರಸಿ, ‘ಪರವಾನಗಿ’ಯೂ ಪಾರಸಿ. ಅವನ್ನೂ ಓಡಿಸುತ್ತೀರಾ?

ಉತ್ತರ 1:
ತದ್ಭವ ನಮ್ಮದೇ. ನಾಲಗೆಗೆ ಒಗ್ಗಿ ಬಂದದ್ದು ಬೇರೆ, ಕಚೇರಿಯಲ್ಲಿ ಕೂತು ಹೊಸೆದದ್ದು ಬೇರೆ. ಇಷ್ಟೂ ಗೊತ್ತಿಲ್ಲದವರ ಜೊತೆ ವಾದ ಮಾಡಲ್ಲ.

ಉತ್ತರ 3:
ಹಾಗಾದರೆ ‘ಕಟ್ಟುಬದಲು’ ಯಾರ ನಾಲಗೆಗೆ ಒಗ್ಗಿ ಬಂತು? ನಮ್ಮ ಗಾರೆ ಮೇಸ್ತ್ರಿ ‘ಸ್ಟ್ರಕ್ಚರಲ್’ ಅನ್ನೋದೇ ಇಲ್ಲ. ‘ಸಾರ್, ತೊಲೆ ಮುಟ್ಟಬೇಕಾಗುತ್ತೆ’ ಅಂತಾರೆ. ಅಷ್ಟೇ.

ಪ್ರಶ್ನೆ ಕೇಳಿದವನು:
ಸಿಕ್ಕಿತು, ಮೇಸ್ತ್ರಿಗೆ ಒಂದು ಕಾಫಿ ನನ್ನ ಲೆಕ್ಕದಲ್ಲಿ. ಪೇಂಟರಿಗೆ ಕೊಡುತ್ತಿರುವುದು ಇದು: ‘ಇದು ಸ್ಮಾರಕದ ಸುತ್ತಲಿನ ಜಾಗ. ಮೊದಲೇ ಒಪ್ಪಿಗೆ ಪಡೆಯದೆ ಗೋಡೆ, ಕಂಬ, ತೊಲೆ, ತಾರಸಿ ಮುಟ್ಟಬೇಡಿ.’

ಉತ್ತರ 1:
‘ತಾರಸಿ’ ಕನ್ನಡವಲ್ಲ.