ಪೂರ್ತಿ ಬಿಚ್ಚಬೇಕಾ, ಓಡಿಸ್ತಾ ಓಡಿಸ್ತಾ ರಿಪೇರಿ ಮಾಡಬೇಕಾ? (1967ರ ಎಂಜಿಬಿ)

ಹಳೆಗಾಡಿ67
ನಮಸ್ಕಾರ. ನನ್ನ ಹತ್ತಿರ 1967ರ ಎಂಜಿಬಿ ರೋಡ್‌ಸ್ಟರ್ ಇದೆ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಜೋಡಿ ಎಸ್‌ಯು ಕಾರ್ಬರೇಟರ್. ಸ್ಟಾರ್ಟ್ ಆಗುತ್ತೆ, ಓಡುತ್ತೆ, ಬ್ರೇಕೂ ಹಿಡಿಯುತ್ತೆ. ಚಿಂತೆ ಇರೋದು ಬಾಡಿದು. ಎಡಗಡೆ ಬಾಗಿಲ ಕೆಳಗಿನ ಸಿಲ್ ಮೇಲೆ ಅಂಗೈ ಅಗಲ ಪೇಂಟ್ ಗುಳ್ಳೆ ಎದ್ದಿದೆ. ಗೆಳೆಯರೊಬ್ಬರು "ಕೈ ಹಾಕಿದ ಮೇಲೆ ಕೊನೇ ನಟ್‌ವರೆಗೂ ಬಿಚ್ಚಿಬಿಡು, ಅರ್ಧಂಬರ್ಧ ಬೇಡ" ಅಂತಿದ್ದಾರೆ. ನನಗೆ ವಾರಕ್ಕೆ ಸಿಗೋದು ಒಂದು ದಿನ. ವೆಲ್ಡಿಂಗ್ ಈಗಷ್ಟೇ ಕಲೀತಿದೀನಿ, ಇಲ್ಲಿವರೆಗೂ ಮುಟ್ಟಿದ ತಗಡಿಗೆಲ್ಲ ತೂತು ಬಿದ್ದಿದೆ. ಏನು ಮಾಡ್ಲಿ?

ತುಕ್ಕುವೈರಿ
ಗೆಳೆಯರ ಮಾತು ಕೇಳಿ. ಗುಳ್ಳೆ ಹೊರಗೆ ಕಾಣೋ ಹೊತ್ತಿಗೆ ಒಳಗಿನ ತಗಡನ್ನ ತುಕ್ಕು ಅರ್ಧ ಮುಗಿಸಿರುತ್ತೆ. ಈ ಕಾರಿಗೆ ಬೇರೆ ಛಾಸಿ ಇಲ್ಲ, ಬಾಡಿನೇ ಛಾಸಿ. ರೋಡ್‌ಸ್ಟರ್ ಆದ್ದರಿಂದ ತಲೆ ಮೇಲೆ ಸೂರೂ ಇಲ್ಲ. ಮುಂದಿನರ್ಧ, ಹಿಂದಿನರ್ಧ ಎರಡನ್ನೂ ಜೋಡಿಸಿ ಹಿಡಿದಿರೋದು ಆ ಎರಡು ಸಿಲ್ಲು, ನಡುವೆ ಗೇರ್‌ಬಾಕ್ಸ್ ಮೇಲೆ ಉಬ್ಬಿರೋ ಒಂದು ಟನಲ್ಲು. ಸಿಲ್ ಹೋಗಿದ್ರೆ ಫ್ಲೋರು, ಸೀಟ್ ಹಿಂದಿನ ಬ್ಯಾಟರಿ ಡಬ್ಬ, ಹಿಂದಿನ ಸ್ಪ್ರಿಂಗ್ ಕೂರೋ ಜಾಗ ಎಲ್ಲಾ ಅನುಮಾನವೇ. ಪೂರ್ತಿ ಬಿಚ್ಚಿ, ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ, ಬರಿ ತಗಡು ಕಣ್ಣಾರೆ ನೋಡಿ ಆಮೇಲೆ ಶುರು ಮಾಡಿ. ನನ್ನದನ್ನ ಹಾಗೇ ಮಾಡಿದೆ. ನಾಲ್ಕು ವರ್ಷ ಹಿಡೀತು, ಬೇಜಾರಿಲ್ಲ.

ಓಡಿಸೋಣ
ನಾಕು ವರ್ಷ ಅಂತ ಎಷ್ಟು ಸಲೀಸಾಗಿ ಹೇಳಿದ್ರಿ ಸರ್. ನಿಮ್ಮದು ಮುಗೀತು, ಅದಕ್ಕ ಬೇಜಾರಿಲ್ಲ. ಮುಗೀಲಾರದವರು ಇಲ್ಲಿ ಬಂದು ಬರೆಯೂದಿಲ್ಲ, ಡಬ್ಬಿ ಸಮೇತ ಮಾರಿ ಸುಮ್ಮನಾಗಿರ್ತಾರ. ಬಿಚ್ಚೂದು ಎರಡು ವಾರದ ಕೆಲಸ, ಹುರುಪಿನೊಳಗ ಯಾರು ಬೇಕಾದ್ರೂ ಮಾಡ್ತಾರ. ಬಣ್ಣ ತಿಳಿಯೂದು ಕೂಡಸೂವಾಗ.

ನಾನೂ ಒಂದು ಟ್ರಯಂಫ್ ಸ್ಪಿಟ್‌ಫೈರ್ ಹಂಗ ಬಿಚ್ಚಿದ್ದೆ. ಮೂರು ವರ್ಷ ಆದ ಮ್ಯಾಲೆ ಒಂದು ಡಬ್ಬಿ ತೆಗದೆ, ಮುಚ್ಚಳದ ಮ್ಯಾಲೆ ನನ್ನ ಕೈಬರಹದಾಗ "ಬ್ರೇಕ್??" ಅಂತ ಐತಿ. ಎರಡು ಪ್ರಶ್ನಾರ್ಥಕ ಚಿಹ್ನೆ. ಅಂದ್ರ ಬಿಚ್ಚೂವಾಗಲೇ ನನಗ ಗೊತ್ತಿರಲಿಲ್ಲ. ಆ ಗಾಡಿ ಈಗ ಬ್ಯಾರೆಯವರ ಹತ್ರ ಐತಿ, ಡಬ್ಬಿನೂ ಅವರ ಹತ್ರನ ಅದಾವು.

ಒಂದು ಸಲಕ್ಕ ಒಂದು ಕೆಲಸ ಹಿಡೀರಿ. ಅದು ಮುಗೀಲಿ, ಗಾಡಿ ಓಡಸ್ರಿ, ಆಮ್ಯಾಲೆ ಇನ್ನೊಂದು. ಗಾಡಿ ಓಡ್ತಿದ್ರನ ಅದಕ್ಕ ಕೈ ಹಚ್ಚೂ ಮನಸ್ಸು ಬರ್ತದ.

ನಾಲ್ಕುಸಿಲಿಂಡರ್
ಇಬ್ಬರೂ ಕಾರು ನೋಡದೇ ಔಷಧಿ ಬರೆದುಕೊಡ್ತಿದ್ದೀರಲ್ಲ! ಹಳೆಗಾಡಿಯವರೇ, ಅರ್ಧ ಗಂಟೆ ಬಿಡುವು ಮಾಡ್ಕೊಳ್ಳಿ. ಒಂದು ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಆಡಿಸಿ. ಎಲ್ಲಿ ಹಿಡಿಯಲ್ವೋ ಅಲ್ಲಿ ಪುಟ್ಟಿ ತುಂಬಿದ್ದಾರೆ. ಕೆಳಗಿನ ಅಂಚಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಆಮೇಲೆ ಬಾಗಿಲು ಹಾಕಿಟ್ಟು, ಅದರ ಹಿಂದಿನ ಅಂಚಿನ ಸಂದು ಮೇಲೆ ಎಷ್ಟಿದೆ, ಕೆಳಗೆ ಎಷ್ಟಿದೆ ಅಂತ ಅಳೆದು, ಆ ಬದಿಯ ಜ್ಯಾಕ್ ಪಾಯಿಂಟ್‌ನಲ್ಲಿ ಎತ್ತಿ ಮತ್ತೆ ಅಳೆಯಿರಿ. ಸಂದು ಬದಲಾದ್ರೆ ಕಾರು ನಡು ಬಗ್ಗಿಸ್ತಿದೆ ಅಂತ ತಿಳ್ಕೊಳ್ಳಿ. ಎತ್ತಿರೋವಾಗ ಕೆಳಗೆ ಕೈಕಾಲು ಹಾಕಬೇಡಿ. ತುಕ್ಕು ತಿಂದ ಜ್ಯಾಕ್ ಪಾಯಿಂಟ್ ಒಳಗೆ ಕುಸಿಯೋಕೆ ಮುಂಚೆ ಹೇಳಿ ಕಳಿಸಲ್ಲ.

ತುಕ್ಕುವೈರಿ ಸರ್, ಸ್ಯಾಂಡ್‌ಬ್ಲಾಸ್ಟ್ ಅಂತ ಇಡೀ ಕಾರಿಗೆ ಹೇಳಬೇಡಿ. ಆ ವರ್ಷದ ಬಾನೆಟ್ ಅಲ್ಯೂಮಿನಿಯಂ. ಮರಳು ಹೊಡೆಸಿದ್ರೆ ಅಲೆ ಅಲೆಯಾಗಿ ವಾಪಸ್ ಬರುತ್ತೆ.

ತುಕ್ಕುವೈರಿ
ಬಾನೆಟ್ ವಿಷಯ ಒಪ್ಪಿದೆ ಮೇಡಂ.

ಮೂಲಪ್ರತಿ
ಬಣ್ಣವನ್ನು ಎಷ್ಟು ಸಲ ಬೇಕಾದರೂ ಹೊಡೆಸಬಹುದು, ಕಾರ್ಖಾನೆಯ ಬಣ್ಣ ಬರುವುದು ಒಂದೇ ಸಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಅದರ ತಿರುಳು ಇಷ್ಟೇ: ಇರುವುದನ್ನು ಮೊದಲು ಉಳಿಸಿಕೊಳ್ಳಿ, ಬದಲಿಸಿದ್ದನ್ನು ದಾಖಲಿಸಿ. ಪೂರ್ತಿ ಬಿಚ್ಚಿ ಹೊಳೆಯುವಂತೆ ಮಾಡಿದ ಕಾರುಗಳಲ್ಲಿ ಎಷ್ಟೋ ಸಲ ಐವತ್ತು ವರ್ಷದ ಗುರುತುಗಳೆಲ್ಲ ಅಳಿಸಿಹೋಗಿರುತ್ತವೆ. ಹೊಲಿಗೆ ಸವೆದ ಸೀಟು, ಹೆಬ್ಬೆರಳು ತಾಗಿ ನುಣುಪಾದ ಸ್ಟೀರಿಂಗ್, ಇವನ್ನು ಯಾವ ಅಂಗಡಿಯಿಂದ ತರುತ್ತೀರಿ?

ತುಕ್ಕುವೈರಿ
ಸನ್ನದು ಓದಿದ್ರೆ ಸಿಲ್ ಗಟ್ಟಿ ಆಗುತ್ತಾ ಸರ್? ಎದುರುಗಡೆಯಿಂದ ಬರೋ ಲಾರಿಗೆ ನಿಮ್ಮ ಸ್ಟೀರಿಂಗ್ ನುಣುಪು ಕಾಣಿಸಲ್ಲ.

ಮೂಲಪ್ರತಿ
ಸಿಲ್ ಬದಲಿಸಬೇಡಿ ಎಂದು ನಾನೆಲ್ಲಿ ಹೇಳಿದೆ? ಸಿಲ್ಲಿಗೋಸ್ಕರ ಡ್ಯಾಶ್‌ಬೋರ್ಡ್ ಯಾಕೆ ಬಿಚ್ಚುತ್ತೀರಿ ಎಂದು ಕೇಳಿದೆ.

ಹಳೆಗಾಡಿ67
ಇವತ್ತು ನೋಡಿದೆ. ಮ್ಯಾಗ್ನೆಟ್ ಗುಳ್ಳೆಯ ಆಚೆಈಚೆ ಒಂದೊಂದು ಗೇಣು ಎಲ್ಲೂ ನಿಲ್ಲಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಸ್ಕ್ರೂಡ್ರೈವರ್ ಹಿಡಿಕೆವರೆಗೂ ಹೋಯ್ತು. ಎಳೆದಾಗ ಅದರ ಜೊತೆ ಕಂದು ಪುಡಿ ಸುರೀತು. ಕೆಳಗಿಂದ ಟಾರ್ಚ್ ಹಾಕಿದ್ರೆ ಎರಡು ಅಂಚು ಕಾಣುತ್ತೆ. ಯಾರೋ ಹಳೇ ಸಿಲ್ ಹಾಗೇ ಬಿಟ್ಟು, ಅದರ ಮೇಲೆ ಹೊಸ ತಗಡಿನ ಹೊದಿಕೆ ವೆಲ್ಡ್ ಮಾಡಿದ್ದಾರೆ. ಜ್ಯಾಕ್ ಎತ್ತಿದಾಗ ಬಾಗಿಲ ಮೇಲಿನ ಸಂದು 4 ಎಂಎಂ ಇದ್ದದ್ದು 7 ಆಯ್ತು. ಬಲಗಡೆ ಪರವಾಗಿಲ್ಲ, ಕಾಲು ಎಂಎಂ ಕೂಡ ಅಲ್ಲಾಡಲಿಲ್ಲ. ಕಳೆದ ವಾರ ತಾನೇ ಇದರಲ್ಲಿ ನೂರು ಕಿಲೋಮೀಟರ್ ಹೋಗಿಬಂದಿದ್ದೆ.

ಓಡಿಸೋಣ
ಹಂಗಾರ ನಾನು ಸೋತೆ. ಈ ಗಾಡಿ ಈಗ ಓಡಸಬ್ಯಾಡ್ರಿ. ಆದ್ರ ಎಡಗಡೆ ಸಿಲ್ ಬಿಟ್ಟು ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ಅದರಾಗ ಸೋತಿಲ್ಲ.

ತುಕ್ಕುವೈರಿ
ಹೊದಿಕೆ ಸಿಲ್! ನನಗೆ ಮೈ ಉರಿಯೋದೇ ಇದಕ್ಕೆ. ಎಂಜಿಬಿ ಸಿಲ್ ಅಂದ್ರೆ ಮೂರು ಪದರ: ಒಳಗಿನ ಸಿಲ್, ನಡುವೆ ನೆಟ್ಟಗೆ ನಿಂತಿರೋ ತಗಡು, ಹೊರಗಿನ ಸಿಲ್. ಮೂರೂ ಸೇರಿದಾಗಲೇ ಅದು ಪೆಟ್ಟಿಗೆ. ಹೊರಗಿನದೊಂದನ್ನೇ ಮುಚ್ಚಿದ್ರೆ ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದ ಹಾಗೆ. ನೀರು ಎರಡು ತಗಡಿನ ನಡುವೆ ಕೂತು ಇನ್ನೂ ಬೇಗ ತಿನ್ನುತ್ತೆ. ಹೊರಗಿನ ಸಿಲ್ ಮುಂದೆ ಫೆಂಡರ್ ಒಳಗಡೆಗೂ, ಹಿಂದೆ ರಿಯರ್ ವಿಂಗ್ (ಹಿಂದಿನ ಚಕ್ರದ ಮೇಲಿನ ತಗಡು) ಒಳಗಡೆಗೂ ಹೋಗಿರುತ್ತೆ, ಅದಕ್ಕೇ ಸೋಮಾರಿಗಳು ಬಾಗಿಲ ಅಳತೆಗೆ ಕತ್ತರಿಸಿ ಹಚ್ಚಿಬಿಡ್ತಾರೆ. ಮುಂದಿನ ಫೆಂಡರ್ ಬೋಲ್ಟ್‌ನದ್ದು, ಬಿಚ್ಚಿದ್ರೆ ಬರುತ್ತೆ. ಹಿಂದಿನದರ ಕೆಳತುದಿ ಕತ್ತರಿಸದೇ ದಾರಿ ಇಲ್ಲ.

ನಾಲ್ಕುಸಿಲಿಂಡರ್
ಈಗ ದಾರಿಗೆ ಬಂದಿರಿ. ಕತ್ತರಿಸೋಕೆ ಮುಂಚೆ ಒಂದು ಕೆಲಸ: ಬಾಗಿಲ ಬಾಯಿಗೆ ಅಡ್ಡ ಕಂಬಿ. ಬಾಗಿಲ ಕೀಲಿರೋ ಕಂಬದಿಂದ ಹಿಂದಿನ ಲಾಕ್ ಕಂಬಕ್ಕೆ ಚೌಕ ಪೈಪ್ ಹಾಕಿ ಬಿಗಿ ಮಾಡಿ. ಕಾರನ್ನ ಎರಡು ತುದಿಯಲ್ಲೂ ಸ್ಟ್ಯಾಂಡ್ ಮೇಲೆ ಸಮವಾಗಿ ಕೂರಿಸಿ, ಬಾಗಿಲ ಸಂದು ಸರಿ ಇದೆ ಅಂತ ನೋಡಿ ಆಮೇಲೆ ಪೈಪ್ ವೆಲ್ಡ್ ಮಾಡಿ. ಸಂದು ತಪ್ಪಿದ ಸ್ಥಿತಿಯಲ್ಲೇ ಬಿಗಿ ಮಾಡಿದ್ರೆ ಆ ಸೊಟ್ಟವೇ ಖಾಯಂ ಆಗುತ್ತೆ. ಬಾಗಿಲನ್ನ ತೆಗೆದು, ಹಾಕಿ, ಪ್ರತಿ ಹಂತದಲ್ಲೂ ಅಳತೆ ನೋಡ್ತಾ ಇರಿ. ಬ್ಯಾಟರಿ ಕನೆಕ್ಷನ್ ತೆಗೀದೇ ವೆಲ್ಡರ್ ಮುಟ್ಟಬೇಡಿ.

ನಿಮ್ಮ ವೆಲ್ಡಿಂಗ್ ತೂತು ಬಗ್ಗೆ: ಉದ್ದ ಗೆರೆ ಎಳೀಬೇಡಿ. ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅರ್ಧ ಅಡಿ ಆಚೆ, ತಣಿಯೋಕೆ ಬಿಟ್ಟು ಮತ್ತೆ ಮೊದಲಿನದರ ಪಕ್ಕ. ಕತ್ತರಿಸಿ ಬಿಸಾಡೋ ಹಳೇ ತಗಡಿನ ಮೇಲೇ ಅಭ್ಯಾಸ ಮಾಡಿ, ದಪ್ಪವೂ ಹೆಚ್ಚುಕಮ್ಮಿ ಅದೇ.

ಹೊಸಬ
ನಡುವೆ ಬಾಯಿ ಹಾಕ್ತಿದೀನಿ. ಇಷ್ಟೆಲ್ಲ ಯಾಕೆ, ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಎಂಜಿಬಿಗೆ ಹೊಸ ಬಾಡಿಶೆಲ್ಲನ್ನೇ ಮಾಡಿದ್ದಾರಂತಲ್ಲ? ಅದನ್ನೇ ತಂದು ಸಾಮಾನು ಅದಕ್ಕೆ ಹಾಕಿದ್ರೆ?

ಓಡಿಸೋಣ
ಸಾಮಾನು ಅದಕ್ಕ ಹಾಕಬೇಕಂದ್ರ ಮೊದಲು ಇದರಿಂದ ತೆಗೀಬೇಕಲ್ಲಪ್ಪಾ. ಅಂದ್ರ ಎಲ್ಲಾ ಬಿಚ್ಚೂದು. ಅಂದ್ರ ಡಬ್ಬಿ. "ಬ್ರೇಕ್??"

ಹೊಸಬ
ಸರಿ ಸರಿ. ಇನ್ನೊಂದು: ಹೇಗೂ ಕಾರು ನಿಂತಿರುತ್ತೆ, ಕಿಡಿಗೋಸ್ಕರ ಕರೆಂಟ್ ಕಡಿದು ಬಿಡೋ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ, ಜೊತೆಗೆ ಒಂದು ಫೋನ್ ಚಾರ್ಜರ್. ನಾನು ನನ್ನದಕ್ಕೆ ಹಾಕಿದೀನಿ.

ನಾಲ್ಕುಸಿಲಿಂಡರ್
ನಿಲ್ಲಿ! ಇವರದು ಪಾಸಿಟಿವ್ ಅರ್ತ್ ಕಾರಾಗಿರಬಹುದು. 1967ರ ಕೊನೆಗೆ ಮಾರ್ಕ್ 2 ಮಾದರಿ ಬರೋವರೆಗೂ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗ್ತಿತ್ತು. ಇದು ಗೊತ್ತಿಲ್ಲದೆ ನಾನು ಒಮ್ಮೆ ಚಾರ್ಜರ್ ಸಿಗಿಸಿದೆ. ಟಪ್ ಅಂತ ಒಂದು ಸದ್ದು, ಸುಟ್ಟ ಪ್ಲಾಸ್ಟಿಕ್ ವಾಸನೆ, ಅಷ್ಟೇ. ಕಿಟ್ ತರೋದಾದ್ರೆ ಪಾಸಿಟಿವ್ ಅರ್ತ್‌ದು ಅಂತ ಕೇಳಿ ತನ್ನಿ. ಕಾರನ್ನೇ ನೆಗೆಟಿವ್‌ಗೆ ತಿರುಗಿಸಬಹುದು, ಆದರೆ ವೈರ್ ಅದಲು ಬದಲು ಮಾಡಿದ್ರೆ ಮುಗೀಲಿಲ್ಲ, ಡೈನಮೋವನ್ನ ಮತ್ತೆ ಪೋಲರೈಸ್ ಮಾಡಬೇಕು, ಕಾಯಿಲ್ ವೈರ್ ಬದಲಿಸಬೇಕು, ಟ್ಯಾಕೋಮೀಟರ್ ಬಿಚ್ಚಿ ಒಳಗೂ ಬದಲಿಸಬೇಕು.

ಮೂಲಪ್ರತಿ
ಪಾಯಿಂಟ್ ಮಾಡಿದ ತಪ್ಪೇನು? ಸಂದು ಅಳೆಯುವ ಫೀಲರ್ ಗೇಜಿನಲ್ಲಿ 0.4 ಎಂಎಂ ಇಟ್ಟರೆ ಮುಗಿಯಿತು. ಕೆಟ್ಟರೆ ರಸ್ತೆ ಬದಿಯಲ್ಲೇ ಉಜ್ಜಿ ಸರಿ ಮಾಡಿಕೊಳ್ಳಬಹುದು. ಎಲೆಕ್ಟ್ರಾನಿಕ್ ಕೆಟ್ಟರೆ ಎಳೆದುಕೊಂಡು ಬರಬೇಕು.

ಓಡಿಸೋಣ
ಎಲೆಕ್ಟ್ರಾನಿಕ್ ಹಾಕ್ರಿ, ಹಳೇ ಪಾಯಿಂಟ್ ಪ್ಲೇಟ್ ಡಿಕ್ಕಿಯೊಳಗ ಇಡ್ರಿ. ಇದಕ್ಕ ಜಗಳ ಯಾಕ? ಅದಕ್ಕಿಂತ ಪೆಟ್ರೋಲ್ ಪೈಪ್ ನೋಡ್ರಿ. ಈಗಿನ ಎಥನಾಲ್ ಕೂಡಿಸಿದ ಪೆಟ್ರೋಲ್ ಹಳೇ ರಬ್ಬರ್ ಮೆತ್ತಗ ಮಾಡ್ತದ. ಉಗುರಿಲೆ ಒತ್ತಿ ನೋಡ್ರಿ, ಬಿರುಕು ಕಂಡ್ರ ಇವತ್ತ ಬದಲಿಸ್ರಿ. ಟೈರ್ ಮ್ಯಾಲಿನ ನಾಕು ಅಂಕಿನೂ ಓದ್ರಿ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ರ ಆ ಟೈರ್ 2000ಕ್ಕಿಂತ ಹಿಂದಿನದು, ಮುಟ್ಟಿ ನಮಸ್ಕಾರ ಮಾಡಿ ತೆಗದಬಿಡ್ರಿ.

ಹಳೆಗಾಡಿ67
ಮೂರು ವಾರ ಆದ್ಮೇಲೆ ಬರೀತಿದೀನಿ. ಅಡ್ಡ ಕಂಬಿ ಹಾಕಿದೆ, ಸಂದು ಮೇಲೂ ಕೆಳಗೂ 4 ಎಂಎಂ. ಎಡಗಡೆ ಫೆಂಡರ್, ಬಾಗಿಲು, ಸೀಟು ಬಿಟ್ಟು ಬೇರೇನೂ ಬಿಚ್ಚಿಲ್ಲ. ಬೋಲ್ಟ್‌ಗಳನ್ನ ತೆಗೆದ ತೂತಿಗೇ ವಾಪಸ್ ಎರಡು ಸುತ್ತು ಹಾಕಿಟ್ಟಿದೀನಿ, ಡಬ್ಬಿ ಇಲ್ಲ. ತುಕ್ಕುವೈರಿ ಸರ್ ಹೇಳಿದ್ದು ನಿಜ, ನಡುವಿನ ತಗಡು ಅರ್ಧ ಉದ್ದಕ್ಕೆ ಇಲ್ಲವೇ ಇಲ್ಲ. ಫ್ಲೋರ್ ಅಂಚಲ್ಲಿ ನಾಲ್ಕು ಬೆರಳಗಲ ಹೋಗಿದೆ. ಸ್ಪ್ರಿಂಗ್ ಕೂರೋ ಜಾಗ ಗಟ್ಟಿ ಇದೆ, ಸುತ್ತಿಗೇಲಿ ಬಡಿದು ನೋಡಿದೆ.

ಹೊದಿಕೆ ಕಿತ್ತಾಗ ಇನ್ನೊಂದು ಸಿಕ್ತು. ಪುಟ್ಟಿ ನಿಲ್ಲಲಿ ಅಂತ ಒಳಗೆ ನ್ಯೂಸ್‌ಪೇಪರ್ ಮಡಚಿ ತುರುಕಿದ್ದಾರೆ!

ತುಕ್ಕುವೈರಿ
ತಾರೀಖು ಓದೋಕಾಗುತ್ತಾ? ಆ ಮಹಾನುಭಾವರು ಯಾವ ವರ್ಷ ಈ ಘನಕಾರ್ಯ ಮಾಡಿದ್ರು ಅಂತ ತಿಳೀಬೇಕು.

ಹಳೆಗಾಡಿ67
ಆ ಮೂಲೆ ತುಕ್ಕಿಗೆ ಅಂಟಿ ಹರಿದುಹೋಗಿದೆ ಸರ್. ಉಳಿದಿರೋದು ಪದಬಂಧ. ಅರ್ಧ ತುಂಬಿಸಿದ್ದಾರೆ.

ತುಕ್ಕುವೈರಿ
ಅದನ್ನೂ ಅರ್ಧಕ್ಕೇ ಬಿಟ್ರಾ!

ಮೂಲಪ್ರತಿ
ದಯವಿಟ್ಟು ಎಸೆಯಬೇಡಿ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಾರಿನ ಫೈಲಿಗೆ ಸೇರಿಸಿ.