‘ಧೋಲ್’ ನಮ್ಮ ತೋಳವೇ? ‘ಅರೆಕಾ’ ನಮ್ಮ ಅಡಿಕೆಯೇ?

ಮುತ್ತೋಡಿ_ಮಳೆ: ಚಿಕ್ಕಮಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ‘ಇಂಗ್ಲಿಷಿಗೆ ಕನ್ನಡ ಕೊಟ್ಟ ಪದಗಳು’ ಅಂತ ಒಂದು ಪಟ್ಟಿ ಓಡಾಡ್ತಿದೆ. ಸೀಳುನಾಯಿಯ ಇಂಗ್ಲಿಷ್ ಹೆಸರು ‘ಧೋಲ್’ ಬಂದಿದ್ದು ‘ತೋಳ’ದಿಂದ, ‘ಅರೆಕಾ’ ಬಂದಿದ್ದು ‘ಅಡಿಕೆ’ಯಿಂದ, ‘ಕೋಪ್ರಾ’ ಬಂದಿದ್ದು ‘ಕೊಬ್ಬರಿ’ಯಿಂದ ಅಂತೆ. ಮೊದಲನೆಯದಕ್ಕೆ ಮೆರಿಯಮ್-ವೆಬ್‌ಸ್ಟರ್ ನಿಘಂಟಿನ ಸಾಕ್ಷಿಯನ್ನೂ ಕೊಟ್ಟಿದ್ದಾರೆ. ಇದರಲ್ಲಿ ನಿಲ್ಲೋದು ಯಾವುದು?

ಹೇಮಾವತಿ_ದಡ: ನಿಘಂಟು ಹೇಳಿರೋದು ‘ಇರಬಹುದು’ ಅಂತ. ಪಟ್ಟಿ ಮಾಡಿದವರು ಆ ಒಂದು ಮಾತನ್ನು ನುಂಗಿದ್ದಾರೆ, ಅಷ್ಟೆ. ‘ಧೋಲ್’ ಬಳಸಿದವರಲ್ಲಿ ಮೊದಲಿಗ ಥಾಮಸ್ ವಿಲಿಯಮ್ಸನ್ ಅನ್ನೋ ಸೈನಿಕ, 1808ರಲ್ಲಿ. ಅವನು ಆ ಪ್ರಾಣಿಯನ್ನು ಕಂಡಿದ್ದು ರಾಮಗಢದಲ್ಲಿ, ಅಂದ್ರೆ ಇವತ್ತಿನ ಜಾರ್ಖಂಡ್ ಕಡೆ. ಅಲ್ಲಿಯ ಜನ ಹಾಗೆ ಕರೀತಾರೆ ಅಂತಲೇ ಬರೆದ. ಕನ್ನಡದ ಪದ ಅಲ್ಲಿಗೆ ಯಾರ ಬಾಯಲ್ಲಿ ಹೋಯ್ತು? ಇದಕ್ಕೆ ಉತ್ತರ ಸಿಗದೆ ಮುಂದಕ್ಕೆ ಹೋಗೋ ಹಾಗಿಲ್ಲ.

ಕಡೂರು_ಬಯಲು: ಅದೇನು ದೊಡ್ಡ ವಿಷಯ ಅಲ್ಲ ಬಿಡಿ. ‘ಬ್ಯಾಂಡಿಕೂಟ್’ ತೆಲುಗಿನ ‘ಪಂದಿಕೊಕ್ಕು’, ಅಂದ್ರೆ ಹಂದಿ-ಇಲಿ, ನಮ್ಮ ಹೆಗ್ಗಣ. ಅದು ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿವರೆಗೂ ಹೋಗಿಲ್ವಾ? ಸಿಪಾಯಿಗಳ ಜೊತೆ ಪದಗಳೂ ನಡೆದು ಹೋಗ್ತವೆ.

ಹೇಮಾವತಿ_ದಡ: ಹೋಗ್ತವೆ, ಒಪ್ಪಿದೆ. ಆದರೆ ಪಂದಿಕೊಕ್ಕಿನಲ್ಲಿ ಸದ್ದೂ ಕೂಡುತ್ತೆ, ಅರ್ಥವೂ ಕೂಡುತ್ತೆ. ಇಲ್ಲಿ ಎರಡೂ ಕೈಕೊಡುತ್ತೆ. ಕನ್ನಡದ ಪದಾದಿ ‘ತ’ಕಾರವನ್ನು ಇಂಗ್ಲಿಷರು ಟಿ ಅಂತಲೋ ಟಿ-ಎಚ್ ಅಂತಲೋ ಬರೀತಿದ್ದರು, ತುಮಕೂರು, ತೀರ್ಥಹಳ್ಳಿಯ ಹಳೇ ಕಾಗುಣಿತ ನೋಡಿ. ಡಿ-ಎಚ್ ಬರೆದಿದ್ದಾರೆ ಅಂದ್ರೆ ಕಿವಿಗೆ ಬಿದ್ದಿದ್ದು ‘ಧ’ ಅಥವಾ ‘ಢ’ದ ಹತ್ತಿರದ್ದು. ಇನ್ನು ಅರ್ಥ: ತೋಳ ಬಯಲುಸೀಮೆಯದು, ಸೀಳುನಾಯಿ ಕಾಡಿನದು. ಭದ್ರಾ ಕಾಡಿನ ಅಂಚಿನವರು ಕಾಡುನಾಯಿ, ಸೀಳುನಾಯಿ, ಕೆನ್ನಾಯಿ ಅಂತಾರೆಯೇ ಹೊರತು ತೋಳ ಅನ್ನಲ್ಲ.

ಮುತ್ತೋಡಿ_ಮಳೆ: ಹಾಗಾದ್ರೆ ಮೂಲ ಯಾವುದು?

ಹೇಮಾವತಿ_ದಡ: ತೀರ್ಮಾನ ಆಗಿಲ್ಲ. ಹ್ಯಾಮಿಲ್ಟನ್ ಸ್ಮಿತ್ ಅನ್ನೋ ಪ್ರಾಣಿಶಾಸ್ತ್ರಜ್ಞ ತುರ್ಕಿಯ ‘ದೆಲಿ’ಗೆ, ಅಂದ್ರೆ ‘ಹುಚ್ಚು’ ಅನ್ನೋ ಪದಕ್ಕೆ ಗಂಟು ಹಾಕಿದ್ದ. ಅದಕ್ಕಿಂತ ನಮ್ಮ ತೋಳವೇ ವಾಸಿ! ಪ್ರಾಣಿವಿಜ್ಞಾನಿ ಲಿಡೆಕ್ಕರ್ ಅಂತೂ ಈ ಪ್ರಾಣಿ ಇರೋ ಕಡೆ ಯಾವ ಸ್ಥಳೀಯರೂ ಆ ಪದ ಬಳಸಲ್ಲ ಅಂತ ಬರೆದುಬಿಟ್ಟ.

ಕಡೂರು_ಬಯಲು: ಸರಿ, ತೋಳ ಬಿಟ್ಟೆ. ಅಡಿಕೆ ಬಿಡಲ್ಲ. ಅಡಿಕೆ, ಅರೆಕಾ. ಇದಕ್ಕಿಂತ ಹತ್ತಿರ ಇನ್ನೇನು ಬೇಕು ಮಾರಾಯ್ರೆ?

ಕೊಪ್ಪದ_ಚಾಲಿ: ‘ಡ’ ಹೋಗಿ ‘ರ’ ಆಗಿದ್ದು ಸಹಜ. ಪೋರ್ಚುಗೀಸರಿಗೆ ನಾಲಿಗೆ ಮಡಿಸಿ ಹೇಳೋ ‘ಡ’ ಇಲ್ಲ. ಎರಡು ಸ್ವರಗಳ ನಡುವೆ ನಾಲಿಗೆ ಚಿಮ್ಮಿದಾಗ ಅವರ ಕಿವಿಗೆ ‘ರ’ ಅಂತಲೇ ಕೇಳುತ್ತೆ. ಎಡವಟ್ಟಾಗೋದು ಕೊನೆಯ ಅಕ್ಷರದಲ್ಲಿ. ಕನ್ನಡದ್ದು ‘ಕೆ’, ಮಲಯಾಳದ ‘ಅಡಯ್ಕ’ದ್ದು ‘ಕ’. ಇಂಗ್ಲಿಷಿಗೆ ಸಿಕ್ಕಿದ್ದೂ ‘ಕಾ’. ಪೋರ್ಚುಗೀಸರು 1498ರಲ್ಲಿ ಇಳಿದಿದ್ದು ಕೋಯಿಕ್ಕೋಡಿನ ಕಡೆ. ಗಾರ್ಸಿಯಾ ದ ಒರ್ತಾ ಅನ್ನೋ ವೈದ್ಯ 1563ರಲ್ಲಿ ಗೋವಾದಲ್ಲಿ ಅಚ್ಚು ಮಾಡಿಸಿದ ಪುಸ್ತಕದಲ್ಲಿ, ಮಲಬಾರಿನ ನಾಯರು ಇದನ್ನು ‘ಅರೆಕಾ’ ಅಂತಾರೆ ಅಂತ ಬಿಡಿಸಿ ಬರೆದಿದ್ದಾನೆ. ಇಂಗ್ಲಿಷಿಗೆ ಸೇರಿದ ಭಾರತದ ಪದಗಳ 1886ರ ಹಾಬ್ಸನ್-ಜಾಬ್ಸನ್ ಕೋಶವೂ ಮಲಯಾಳಕ್ಕೇ ಕೈ ತೋರಿಸುತ್ತೆ. ಅಡಿಕೆ, ಅಡಯ್ಕ ಅಕ್ಕತಂಗಿಯರು. ಹಡಗು ಹತ್ತಿದ್ದು ಮಾತ್ರ ತಂಗಿ.

ಅರಸೀಕೆರೆ_ಸಂತೆ: ಕೊಬ್ಬರಿಗೂ ಇದೇ ಗತಿ ಕಣ್ರೀ. ಮಲಯಾಳದ್ದು ‘ಕೊಪ್ಪರ’, ಪಕಾರ. ನಮ್ಮದರಲ್ಲಿ ಬಕಾರ. ನಮ್ಮಿಂದ ಹೋಗಿದ್ರೆ ಪೋರ್ಚುಗೀಸರ ಬಾಯಲ್ಲಿ ‘ಕೋಬ್ರಾ’ದ ಹತ್ತಿರ ಬಂದು ಹಾವಾಗಿಬಿಡ್ತಿತ್ತು. ಇನ್ನೊಂದು ವಿಷಯ: ಇಂಗ್ಲಿಷ್ ನಿಘಂಟಿನ ‘ಕೋಪ್ರಾ’ ಅಂದ್ರೆ ಎಣ್ಣೆ ತೆಗೆಯೋಕೆ ಒಣಗಿಸಿದ ತಿರುಳು. ಅರಸೀಕೆರೆ ಮಾರುಕಟ್ಟೆಯ ಮುಖ್ಯ ಮಾಲು ಉಂಡೆ ಕೊಬ್ಬರಿ, ತಿನ್ನೋದು. ಸಿಪ್ಪೆ ಸುಲಿಯದ ಕಾಯಿಯನ್ನು 8ರಿಂದ 12 ತಿಂಗಳು ಅಟ್ಟದಲ್ಲಿಟ್ಟು, ನೀರು ಇಂಗಿ ಒಳಗೆ ಗಡಗಡ ಅಂದಮೇಲೆ ಒಡೆಯೋದು. ಅನುವಾದ ಮಾಡೋರು ಬರೀ ‘ಕೋಪ್ರಾ’ ಅಂತ ಹಾಕಿದ್ರೆ ಓದೋನು ಗಾಣದ ಮಾಲು ಅಂದ್ಕೊಳ್ತಾನೆ.

ಪಲ್ಪರ್_ಮನೆ: ನಮ್ಮದು ಅಲ್ಲದ್ದನ್ನು ನಮ್ಮದು ಅನ್ನೋ ಬದಲು ಕಾಫಿ ಕಣದಲ್ಲಿ ಬಿದ್ದಿರೋ ಇಂಗ್ಲಿಷ್ ಪದಗಳನ್ನು ನೋಡಿ, ಅವು ಇನ್ನೂ ವಿಚಿತ್ರ. ‘ಚೆರ್ರಿ’ಯ ಮೂಲ ನಾರ್ಮನ್ ಫ್ರೆಂಚಿನ ‘ಚೆರೀಸ್’. ಕೊನೆಯ ಸಕಾರ ಬಹುವಚನದ್ದು ಅಂತ ಇಂಗ್ಲಿಷರು ತಪ್ಪು ತಿಳಿದು ಅದನ್ನು ಕತ್ತರಿಸಿದರು. ದುಂಡನೆ ಕಾಫಿ ಬೀಜಕ್ಕೆ ಅನ್ನೋ ‘ಪೀಬೆರಿ’ಯ ‘ಪೀ’ಗೂ ಅದೇ ಆಯ್ತು: ಬಟಾಣಿಗೆ ಏಕವಚನವೇ ‘ಪೀಸ್’ ಇತ್ತು, ಸಕಾರ ಕಿತ್ತು ‘ಪೀ’ ಮಾಡಿದರು.

ಕೊಪ್ಪದ_ಚಾಲಿ: ನಾವು ಉಲ್ಟಾ. ‘ಚಿಪ್ಸ್‌ಗಳು’ ಅಂತ ಬಹುವಚನದ ಮೇಲೆ ಬಹುವಚನ ಹೇರ್ತೀವಿ.

ಕಡೂರು_ಬಯಲು: ಪೀಬೆರಿಯಲ್ಲಿ ‘ಬೆರಿ’ಯೂ ತಪ್ಪಲ್ವಾ? ಸಸ್ಯಶಾಸ್ತ್ರದ ಪ್ರಕಾರ ಕಾಫಿ ಹಣ್ಣು ಬೆರಿ ಅಲ್ಲ, ಮಾವು, ಚೆರ್ರಿ ಹಾಗೆ ಓಟೆ ಇರೋ ಜಾತಿ.

ಪಲ್ಪರ್_ಮನೆ: ಹೌದು. ಹಣ್ಣಿನಲ್ಲಿ ಎರಡು ಬೀಜ ಕೂರಬೇಕಾದಲ್ಲಿ ಒಂದು ಜೊಳ್ಳಾದರೆ ಇನ್ನೊಂದು ಇಡೀ ಜಾಗ ತುಂಬಿ ದುಂಡಗಾಗುತ್ತೆ, ಅದೇ ಪೀಬೆರಿ. ಬಟಾಣಿಯೂ ಅಲ್ಲ, ಬೆರಿಯೂ ಅಲ್ಲ. ಮಾವಿನ ಓಟೆಯ ಜಾಗದಲ್ಲಿ ಕಾಫಿಗೆ ಇರೋದು ತೆಳ್ಳನೆ ಪಾರ್ಚ್‌ಮೆಂಟ್ ಸಿಪ್ಪೆ. ಆ ಪದ ಬಂದಿದ್ದು ಪೆರ್ಗಮಮ್ ಪಟ್ಟಣದಿಂದ, ಇವತ್ತಿನ ತುರ್ಕಿಯ ಬೆರ್ಗಾಮಾ. ಬರೆಯೋಕೆ ಹದ ಮಾಡಿದ ಚರ್ಮಕ್ಕೆ ಆ ಊರಿನ ಹೆಸರು ಅಂಟಿತು, ಆಮೇಲೆ ಅದರಂತೆ ಕಾಣೋ ಸಿಪ್ಪೆಗೆ.

ಮುತ್ತೋಡಿ_ಮಳೆ: ಹಾಗಾದ್ರೆ ಬೆಲೆಪಟ್ಟಿಯ ‘ಅರೇಬಿಕಾ ಚೆರ್ರಿ’ಯನ್ನು ಕನ್ನಡದಲ್ಲಿ ‘ಅರೇಬಿಕಾ ಹಣ್ಣು’ ಅನ್ನಬಹುದಾ?

ಪಲ್ಪರ್_ಮನೆ: ಬೇಡವೇ ಬೇಡ. ವ್ಯಾಪಾರದಲ್ಲಿ ಚೆರ್ರಿ ಅಂದ್ರೆ ಪಲ್ಪ್ ಮಾಡದೆ, ಅಂದ್ರೆ ಹೊರಸಿಪ್ಪೆ ಬಿಡಿಸದೆ, ಸಿಪ್ಪೆ ಸಮೇತ ಒಣಗಿಸಿದ ಕಪ್ಪು ಮಾಲು. ಬೆಲೆ ಹೇಳೋದು 50 ಕೆಜಿ ಚೀಲಕ್ಕೆ. ಕ್ಯೂರಿಂಗ್, ಅಂದ್ರೆ ಒಣಸಿಪ್ಪೆ ತೆಗೆದು ಹಸನು ಮಾಡೋದು, ಆದಮೇಲೆ ಆ ಚೀಲದಲ್ಲಿ ಕಾಳು ಸಿಗೋದು ಸುಮಾರು ಅರ್ಧ. ಪಲ್ಪ್ ಮಾಡಿ ಪಾರ್ಚ್‌ಮೆಂಟ್ ಸಿಪ್ಪೆ ಮಾತ್ರ ಉಳಿಸಿ ಒಣಗಿಸಿದ ‘ಪಾರ್ಚ್‌ಮೆಂಟ್’ ಮಾಲು ಆದ್ರೆ ಸುಮಾರು 40 ಕೆಜಿ. ‘ಹಣ್ಣು’ ಅಂದುಬಿಟ್ರೆ ಗಿಡದಿಂದ ಆಗಷ್ಟೇ ಕೊಯ್ದ ಹಸಿ ಮಾಲು ಅನ್ನೋ ಅರ್ಥ ಬಂದು ಲೆಕ್ಕವೇ ಬುಡಮೇಲು. ‘ಚೆರ್ರಿ’ ಅಂತಲೇ ಬಿಡಿ, ಸಕಾರ ಹೋಗಿದ್ದರೂ ಪರವಾಗಿಲ್ಲ.